11 ಪಾಯಿಂಟಿನ ಕನ್ನಡ 11 ಪಾಯಿಂಟಿನ ಇಂಗ್ಲಿಷಿಗಿಂತ ಚಿಕ್ಕದಾಗಿ ಕಾಣುವುದೇಕೆ?

ಪ್ರಶ್ನೆ: ನಮ್ಮ ಸಂಘದ ಸ್ಮರಣ ಸಂಚಿಕೆಯ ಪುಟವಿನ್ಯಾಸವನ್ನು ಇನ್‌ಡಿಸೈನ್‌ನಲ್ಲಿ ನಾನೇ ಮಾಡುತ್ತಿದ್ದೇನೆ. ಒಂದೇ ಪುಟದಲ್ಲಿ ಕನ್ನಡವೂ ಇದೆ, ಇಂಗ್ಲಿಷೂ ಇದೆ. ಎರಡಕ್ಕೂ 11 ಪಾಯಿಂಟ್, ಸಾಲಿಗೆ 13 ಪಾಯಿಂಟ್ ಕೊಟ್ಟಿದ್ದೇನೆ. ಕನ್ನಡ ಪುಟ್ಟದಾಗಿ ಕಾಣುತ್ತಿದೆ. ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತಿದೆ. ಬೋಲ್ಡ್ ಮಾಡಿದರೆ ‘ಪ’ ಯಾವುದು, ‘ಷ’ ಯಾವುದು ಗೊತ್ತಾಗುವುದಿಲ್ಲ. ಆಮಂತ್ರಣ ಪತ್ರಿಕೆಯನ್ನು ವರ್ಡ್‌ನಲ್ಲಿ ಮಾಡಿದೆ. ಅಲ್ಲಿ ಶೀರ್ಷಿಕೆಯ ‘ಸ್ತ್ರೀ’ಯ ತಲೆಯೇ ಹಾರಿಹೋಗಿದೆ. ಮುದ್ರಣದವರು ‘ಕನ್ನಡ ಫಾಂಟುಗಳೇ ಹಾಗೆ’ ಅನ್ನುತ್ತಾರೆ. ಗೆಳೆಯರೊಬ್ಬರು ‘ಅಕ್ಷರದ ಎತ್ತರವನ್ನು ಶೇ 120ಕ್ಕೆ ಎಳೆದುಬಿಡಿ’ ಅನ್ನುತ್ತಾರೆ. ಇಂಗ್ಲಿಷಿನವರಿಗೆ ಎಕ್ಸ್-ಹೈಟ್ (ಸಣ್ಣ ಎಕ್ಸ್ ಅಕ್ಷರದ ಎತ್ತರ), ಅಸೆಂಡರ್ (ಅದಕ್ಕಿಂತ ಮೇಲೇರುವ ಕಡ್ಡಿ), ಡಿಸೆಂಡರ್ (ಸಾಲಿನ ಕೆಳಗಿಳಿಯುವ ಬಾಲ) ಎಂಬ ಅಳತೆಗಳಿವೆ. ಕನ್ನಡ ಅಕ್ಷರಕ್ಕೂ ಅಂಥ ಅಂಗಾಂಗಗಳ ಲೆಕ್ಕ ಇದೆಯೇ?

ಉತ್ತರ: ನಿಮ್ಮದು ನಾಲ್ಕು ತೊಂದರೆ: ಗಾತ್ರ, ತಾಗಾಟ, ಬೋಲ್ಡಿನ ಕಲಸುಮೇಲೋಗರ, ತಲೆ ಹಾರಿದ ಶೀರ್ಷಿಕೆ. ನಾಲ್ಕಕ್ಕೂ ಕಾರಣ ಬೇರೆ ಬೇರೆ. ‘ಫಾಂಟೇ ಸರಿಯಿಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಒಂದೂ ಬಗೆಹರಿಯುವುದಿಲ್ಲ. ಇನ್ನು ಲೆಕ್ಕದ ಮಾತು. ಇದೆ, ಮತ್ತು ಅದರ ಅರ್ಧವನ್ನು ನೀವು ಒಂದನೇ ತರಗತಿಯಲ್ಲೇ ಕಲಿತಿದ್ದೀರಿ.

ಕಾಗುಣಿತವನ್ನು ನೆನಪಿಸಿಕೊಳ್ಳಿ. ಕ-ಗೆ ತಲೆಕಟ್ಟು ಕೊಟ್ಟರೆ ಕ, ಇಳಿ ಕೊಟ್ಟರೆ ಕಾ, ಗುಡಿಸು ಕೊಟ್ಟರೆ ಕಿ, ಕೊಂಬು ಕೊಟ್ಟರೆ ಕು. ಇದು ಉಚ್ಚಾರಣೆಯ ಪಾಠ ಎಂದು ನಾವು ಅಂದುಕೊಂಡಿರುತ್ತೇವೆ. ಅಚ್ಚಿನ ಕೆಲಸದವರ ಕಣ್ಣಿಗೆ ಅದು ಅಕ್ಷರದ ಅಂಗರಚನೆಯ ಪಾಠ. ಯಾವ ತುಂಡು ಎಲ್ಲಿ ಕೂರುತ್ತದೆ, ಯಾವುದು ಬಂದಾಗ ಯಾವುದು ಜಾಗ ಬಿಡಬೇಕು ಎಂಬುದೆಲ್ಲ ಅದರಲ್ಲಿದೆ.

ಕನ್ನಡದ ಒಂದು ಅಕ್ಷರವನ್ನು ಮೂರು ಅಂತಸ್ತಿನ ಮನೆ ಎಂದುಕೊಂಡರೆ ಮುಂದಿನ ಲೆಕ್ಕ ಸುಲಭ. ನಡುಮನೆಯಲ್ಲಿ ಮೂಲಾಕ್ಷರದ ಒಡಲು ಇರುತ್ತದೆ. ಅಟ್ಟದಲ್ಲಿ ತಲೆಕಟ್ಟು, ಗುಡಿಸು, ಏತ್ವ, ಔತ್ವ, ಅರ್ಧಾಕ್ಷರದ ಕೊಕ್ಕೆ. ನೆಲಮಾಳಿಗೆಯಲ್ಲಿ ಒತ್ತಕ್ಷರ, ವಟ್ರಸುಳಿಯ ಬಾಲ, ಐತ್ವದ ಕೆಳತುಂಡು. ಐತ್ವವನ್ನು ಬಹಳ ಜನ ಮರೆಯುತ್ತಾರೆ. ‘ಕೈ’ ಬರೆದು ನೋಡಿ: ಮೇಲೆ ಏತ್ವ, ಕೆಳಗೆ ಇನ್ನೊಂದು ತುಂಡು; ಒಂದೇ ಸ್ವರ ಎರಡು ಅಂತಸ್ತನ್ನೂ ಹಿಡಿಯುತ್ತದೆ. ಅರ್ಕಾವತ್ತು ಮಾತ್ರ ಮಹಡಿ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ‘ಅರ್ಕ’ದಲ್ಲಿ ಅದು ‘ಕ’ದ ಬಲಕ್ಕೆ, ಸಾಲಿನ ಮೇಲೆಯೇ ಕೂರುತ್ತದೆ. ಅದರಿಂದ ಎತ್ತರದ ತಕರಾರಿಲ್ಲ, ಅಗಲದ ತಕರಾರು ಉಂಟು.

ತಲೆಕಟ್ಟಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ, ಅದು ದೇವನಾಗರಿಯ ಶಿರೋರೇಖೆಯಂತೆ ಎಂದು. ಅಲ್ಲ. ಶಿರೋರೇಖೆ ಪದದ ಉದ್ದಕ್ಕೂ ಹರಿದು ಅಕ್ಷರಗಳನ್ನು ಒಂದಕ್ಕೊಂದು ಕಟ್ಟುತ್ತದೆ. ತಲೆಕಟ್ಟು ಆಯಾ ಅಕ್ಷರದ ಸ್ವಂತ ಆಸ್ತಿ, ಅದೂ ಎಲ್ಲ ಅಕ್ಷರಕ್ಕೂ ಇಲ್ಲ. ಖ, ಙ, ಜ, ಞ, ಟ, ಣ, ಬ, ಲ ತಲೆಕಟ್ಟಿಲ್ಲದವು. ಇದ್ದವುಗಳಲ್ಲೂ ಅದು ಖಾಯಂ ಅಲ್ಲ. ಗುಡಿಸು ಬಂದರೆ ತಲೆಕಟ್ಟು ಎದ್ದು ಜಾಗ ಬಿಡುತ್ತದೆ. ಇಳಿ ಬಂದರೆ ತಾನೇ ಬಲಕ್ಕೆ ಉದ್ದವಾಗಿ ಇಳಿಯಾಗುತ್ತದೆ. ಕೊಂಬು ಬಂದರೆ ಇದ್ದಲ್ಲೇ ಇರುತ್ತದೆ, ಯಾಕೆಂದರೆ ಕೊಂಬಿನ ಜಾಗ ಪಕ್ಕದಲ್ಲಿ. ಇಂಗ್ಲಿಷಿನ ಅಸೆಂಡರ್ ಅಕ್ಷರದ ದೇಹದ ಭಾಗ. ನಮ್ಮ ಅಟ್ಟದಲ್ಲಿರುವವರು ಬಾಡಿಗೆದಾರರು. ಹಾಗಾಗಿ ಕನ್ನಡವನ್ನು ಅಸೆಂಡರ್–ಡಿಸೆಂಡರ್ ಲೆಕ್ಕಕ್ಕೆ ತುರುಕಿದರೆ ಎಲ್ಲೋ ಒಂದು ಕಡೆ ಹರಿಯುತ್ತದೆ.

ಈಗ ಗಾತ್ರಕ್ಕೆ ಬರೋಣ. 11 ಪಾಯಿಂಟ್ ಅಂದರೆ ಅಕ್ಷರ 11 ಪಾಯಿಂಟ್ ಎತ್ತರ ಇರುತ್ತದೆ ಎಂದಲ್ಲ. ಸೀಸದ ಅಚ್ಚುಮೊಳೆಯ ಕಾಲದಲ್ಲಿ ಪಾಯಿಂಟ್ ಅಳೆಯುತ್ತಿದ್ದುದು ಮೊಳೆಯ ಮೈಯನ್ನು, ಅದರ ಮೇಲೆ ಉಬ್ಬಿದ್ದ ಅಕ್ಷರವನ್ನಲ್ಲ. ಮೊಳೆ ಹೋದರೂ ಆ ಮೈ ಒಂದು ಕಾಣದ ಚೌಕವಾಗಿ ಫಾಂಟಿನೊಳಗೆ ಉಳಿದಿದೆ. ಇಂದಿನ ಕಂಪ್ಯೂಟರ್ ಲೆಕ್ಕದಲ್ಲಿ ಒಂದು ಪಾಯಿಂಟ್ ಎಂದರೆ ಇಂಚಿನ 72ರಲ್ಲಿ ಒಂದು ಪಾಲು, ಸುಮಾರು 0.353 ಮಿಲಿಮೀಟರ್, ನಿಮ್ಮ 11 ಪಾಯಿಂಟಿನ ಚೌಕ 3.88 ಮಿಲಿಮೀಟರ್. ಆ ಚೌಕದಲ್ಲಿ ಅಕ್ಷರಕ್ಕೆ ಎಷ್ಟು ಪಾಲು ಎಂಬುದು ಫಾಂಟ್ ಬರೆದವರ ಮರ್ಜಿ. ಅಟ್ಟಕ್ಕೂ ನೆಲಮಾಳಿಗೆಗೂ ಅದರಲ್ಲೇ ಜಾಗ ಹೊಂದಿಸಲು ಹೊರಟವರು ನಡುಮನೆಯನ್ನು ಕುಗ್ಗಿಸುತ್ತಾರೆ. ಕನ್ನಡ ಚಿಕ್ಕದಾಗಿ ಕಾಣುವುದು ಅಲ್ಲಿಂದ. ನಡುಮನೆಯನ್ನು ದೊಡ್ಡದಾಗಿಯೇ ಇಟ್ಟು, ಒತ್ತಕ್ಷರವನ್ನು ಚೌಕದ ಆಚೆಗೆ ಚಾಚಲು ಬಿಟ್ಟ ಫಾಂಟುಗಳೂ ಇವೆ. ಅವುಗಳಲ್ಲಿ ಕನ್ನಡ ಚಿಕ್ಕದಾಗಿ ಕಾಣುವುದಿಲ್ಲ, ಆದರೆ ಸಾಲುಗಳ ತಾಗಾಟ ಹೆಚ್ಚು. ಎರಡರಲ್ಲಿ ಒಂದನ್ನು ಸಹಿಸಲೇಬೇಕು.

ಗಾತ್ರವನ್ನು ನಡುಮನೆಯಿಂದ ಅಳೆಯಬೇಕು, ಸಾಲಿನ ಅಂತರವನ್ನು ಅಟ್ಟ ಮತ್ತು ನೆಲಮಾಳಿಗೆಯಿಂದ ಅಳೆಯಬೇಕು. ನೀವು ಎರಡನ್ನೂ ಪಾಯಿಂಟಿನ ಅಂಕಿಯಿಂದ ಅಳೆದಿದ್ದೀರಿ.

ಅಳೆಯುವುದು ಹತ್ತು ನಿಮಿಷದ ಕೆಲಸ. ಹೊಸ ಪುಟ ತೆರೆದು ಅಳತೆಯ ಮಾನವನ್ನು ಪಾಯಿಂಟಿಗೆ ಬದಲಿಸಿ. 100 ಪಾಯಿಂಟ್ ಗಾತ್ರದಲ್ಲಿ ಒಂದೇ ಸಾಲಿನಲ್ಲಿ ನಿಮ್ಮ ಇಂಗ್ಲಿಷ್ ಫಾಂಟಿನ ಸಣ್ಣ ಎಕ್ಸ್ ಮತ್ತು ದೊಡ್ಡ ಎಚ್, ಆಮೇಲೆ ನಿಮ್ಮ ಕನ್ನಡ ಫಾಂಟಿನಲ್ಲಿ ಬ, ಕಿ, ಕೌ, ಕೈ, ಕೃ, ಸ್ತ್ರ ಹೊಡೆಯಿರಿ. ಪಠ್ಯವನ್ನು ಔಟ್‌ಲೈನ್ ಮಾಡಿ, ಅಂದರೆ ಅಕ್ಷರಗಳನ್ನು ಬರಿಯ ಆಕೃತಿಗಳಾಗಿ ಬದಲಿಸಿ. ಎಕ್ಸ್‌ನ ಬುಡಕ್ಕೆ ತಾಗುವಂತೆ ಒಂದು ಗೈಡ್ ಎಳೆಯಿರಿ, ಅದೇ ನಿಮ್ಮ ಆಧಾರರೇಖೆ. ಆ ರೇಖೆಯಿಂದ ಮೇಲಕ್ಕೆ ಎಷ್ಟು, ಕೆಳಕ್ಕೆ ಎಷ್ಟು ಎಂದು ಒಂದೊಂದನ್ನೂ ಅಳೆದು ಬರೆದುಕೊಳ್ಳಿ. ಗಾತ್ರ 100 ಆದ್ದರಿಂದ ಸಿಕ್ಕ ಅಂಕಿಯೇ ಶೇಕಡಾವಾರು. ಬೇರೆ ಭಾಗಾಕಾರ ಬೇಡ.

ನಡುಮನೆಗೆ ‘ಬ’ವನ್ನೇ ಯಾಕೆ ಹೇಳಿದೆ ಅಂದರೆ ಅದಕ್ಕೆ ತಲೆಕಟ್ಟಿಲ್ಲ, ಬುಡದಲ್ಲಿ ಸೀಳಿಲ್ಲ, ಒಡಲಷ್ಟೇ ಇದೆ. ಇಂಗ್ಲಿಷಿಗೆ ಎಕ್ಸ್ ಹೇಗೋ ಕನ್ನಡಕ್ಕೆ ‘ಬ’ ಹಾಗೆ. ‘ಬ’ದ ಬುಡ ಗೈಡಿಗಿಂತ ಕೂದಲೆಳೆಯಷ್ಟು ಕೆಳಗಿಳಿದಿದ್ದರೆ ಗಾಬರಿ ಬೇಡ. ದುಂಡು ಬುಡ ರೇಖೆಗೆ ಸರಿಯಾಗಿ ನಿಂತರೆ ಕಣ್ಣಿಗೆ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ, ಅದಕ್ಕಾಗಿ ಬೇಕೆಂದೇ ಇಳಿಸಿರುತ್ತಾರೆ. ಇಂಗ್ಲಿಷಿನ ‘ಒ’ ಅಕ್ಷರಕ್ಕೂ ಹಾಗೆಯೇ ಮಾಡುತ್ತಾರೆ. ನಮ್ಮಲ್ಲಿ ಬಹುಪಾಲು ಅಕ್ಷರಗಳು ದುಂಡು ಬುಡದವೇ ಆದ್ದರಿಂದ ಕನ್ನಡದ ಆಧಾರರೇಖೆ ಇಂಗ್ಲಿಷಿನಷ್ಟು ಖಡಕ್ಕಾಗಿ ಕಾಣುವುದಿಲ್ಲ.

ಉದಾಹರಣೆಗೆ ನಿಮ್ಮ ಅಳತೆಗಳು ಹೀಗೆ ಬಂದವು ಎಂದುಕೊಳ್ಳಿ: ಎಕ್ಸ್ 52, ಎಚ್ 70, ಬ 50, ಕನ್ನಡದ ಅತಿ ಎತ್ತರ 82, ಅತಿ ಆಳ 43. (ನಿಮ್ಮ ಫಾಂಟಿನದು ಬೇರೆ ಇರುತ್ತದೆ, ದಾರಿ ಇದೇ.)

ಮೇಲುನೋಟಕ್ಕೆ 50 ಮತ್ತು 52ರಲ್ಲಿ ವ್ಯತ್ಯಾಸ ಅತ್ಯಲ್ಪ. ಆದರೂ ಕನ್ನಡ ಚಿಕ್ಕದಾಗಿ ಕಾಣುತ್ತದೆ, ಎರಡು ಕಾರಣಕ್ಕೆ. ಇಂಗ್ಲಿಷಿನಲ್ಲಿ ದೊಡ್ಡಕ್ಷರಗಳೂ ಉದ್ದ ಕಡ್ಡಿಗಳೂ ಸೇರಿ ಸಾಲಿನ ಸರಾಸರಿ ಎತ್ತರವನ್ನು ಮೇಲಕ್ಕೆಳೆಯುತ್ತವೆ. ಎರಡನೆಯದಾಗಿ, ಅಷ್ಟೇ ಎತ್ತರದೊಳಗೆ ಕನ್ನಡಕ್ಕೆ ಗೆರೆಗಳು ಜಾಸ್ತಿ. ಎಕ್ಸ್‌ನಲ್ಲಿ ಎರಡು ಗೆರೆ. ‘ಘ’ದಲ್ಲಿ ಎಣಿಸಿ ನೋಡಿ. ಒಳಗಿನ ಬಯಲು ಇಕ್ಕಟ್ಟಾದಷ್ಟೂ ಅಕ್ಷರ ಮುದುಡಿದಂತೆ ಕಾಣುತ್ತದೆ. ಆದ್ದರಿಂದ ‘ಬ’ವನ್ನು ಎಕ್ಸ್‌ನ ಎತ್ತರಕ್ಕೆ ಸರಿದೂಗಿಸಿದರೆ ಸಾಲದು. ಎಕ್ಸ್‌ನಿಂದ ಎಚ್‌ವರೆಗಿನ ದೂರದಲ್ಲಿ ಮೂರನೇ ಒಂದು ಪಾಲು ಮೇಲಕ್ಕೆ ಏರಿಸಬೇಕು ಎಂಬುದು ನಾನು ಬಳಸುವ ಸೂತ್ರ. ಇಲ್ಲಿ ಆ ದೂರ 18, ಮೂರನೇ ಒಂದು 6, ಗುರಿ 58. ಇಂಗ್ಲಿಷ್ 11 ಪಾಯಿಂಟ್ ಇರುವಾಗ ಕನ್ನಡ 11 × 58 ÷ 50, ಅಂದರೆ ಸುಮಾರು 12.75 ಪಾಯಿಂಟ್. ಇದು ಕಣ್ಣಿನ ಅಂದಾಜಿನಿಂದ ಬಂದ ಸೂತ್ರ, ಭೌತಶಾಸ್ತ್ರವಲ್ಲ. ಅಚ್ಚು ಹಾಕಿ, ಕೈಯಳತೆಯ ದೂರದಲ್ಲಿ ಹಿಡಿದು ನೋಡಿ ಕಾಲು ಪಾಯಿಂಟ್ ಆಚೀಚೆ ಮಾಡಿಕೊಳ್ಳಿ. ಪರದೆಯ ಮೇಲೆ ತೀರ್ಮಾನ ಮಾಡಬೇಡಿ.

ಸಾಲಿನ ಅಂತರಕ್ಕೆ ಅಟ್ಟ ಮತ್ತು ನೆಲಮಾಳಿಗೆಯನ್ನು ಕೂಡಿಸಿ: 82 ಮತ್ತು 43 ಸೇರಿ 125. ಮೇಲಿನ ಸಾಲಿನ ‘ಸ್ತ್ರ’ ಕೆಳಗಿನ ಸಾಲಿನ ‘ಕೌ’ ನೆತ್ತಿಯ ಮೇಲೆಯೇ ಬಂದರೆ ಎರಡೂ ಸರಿಯಾಗಿ ತಾಗುವ ಅಂತರ ಇದು. 11 ಪಾಯಿಂಟಿಗೆ 13.75. ನೀವು ಕೊಟ್ಟದ್ದು 13. ಫಾಂಟಿನ ತಪ್ಪೇನೂ ಇಲ್ಲ, ಕೂಡುವ ಲೆಕ್ಕದಲ್ಲೇ ಡಿಕ್ಕಿ ಇತ್ತು. ಇಂಗ್ಲಿಷಿಗೆ ವಾಡಿಕೆಯ ಶೇ 120ರ ಅಂತರವನ್ನು ಹಾಗೇ ಕನ್ನಡಕ್ಕೂ ಹಾಕಿದರೆ ಆಗುವುದೇ ಇದು. 125ರ ಮೇಲೆ 10 ಬಿಡುವು ಕೊಟ್ಟು 135 ಮಾಡಿ. ಇಕ್ಕಟ್ಟಿದ್ದರೆ ಬಿಡುವನ್ನು 5ಕ್ಕೆ ಇಳಿಸಬಹುದು. ಇಲ್ಲವಾಗಿಸಬಾರದು, ಅಚ್ಚಿನಲ್ಲಿ ಮಸಿ ಹರಡುವುದಕ್ಕೆ ಸ್ವಲ್ಪ ಜಾಗ ಬೇಕು. ‘ರಾಷ್ಟ್ರ’, ‘ಶಾಸ್ತ್ರ’, ‘ಕೃತಿ’ಯಂಥ ಪದಗಳು ತುಂಬಿದ ಬರಹಕ್ಕೆ 145ರವರೆಗೂ ಹೋಗಬಹುದು. ಸಾಲಂತರವನ್ನು ‘ಆಟೋ’ದಲ್ಲಿ ಮಾತ್ರ ಬಿಡಬೇಡಿ. ಅದು ಸಾಲಿನಲ್ಲಿರುವ ಅತಿ ದೊಡ್ಡ ಗಾತ್ರವನ್ನು ನೋಡಿ ಲೆಕ್ಕ ಹಾಕುತ್ತದೆ. 12.75ರ ಕನ್ನಡವೂ 11ರ ಇಂಗ್ಲಿಷೂ ಬೆರೆತ ಪ್ಯಾರಾದಲ್ಲಿ ಇಂಗ್ಲಿಷೇ ತುಂಬಿದ ಸಾಲು ಮೇಲಕ್ಕೆ ಸರಿದು, ಸಾಲುಗಳು ಒಂದೊಂದು ಒಂದೊಂದು ದೂರದಲ್ಲಿ ನಿಲ್ಲುತ್ತವೆ.

ಈಗ ಕಹಿ ಭಾಗ. 12.75 ಪಾಯಿಂಟಿಗೆ ಶೇ 135 ಅಂದರೆ ಸಾಲಿಗೆ ಸುಮಾರು 17 ಪಾಯಿಂಟ್. ಪುಟದಲ್ಲಿ ಬರಹದ ಎತ್ತರ 180 ಮಿಲಿಮೀಟರ್ ಇದ್ದರೆ, ಅದು 510 ಪಾಯಿಂಟ್. 13ರ ಅಂತರದಲ್ಲಿ 39 ಸಾಲು ಹಿಡಿಸುತ್ತಿದ್ದದ್ದು ಈಗ 30. ಗಾತ್ರ ಹೆಚ್ಚಿದ್ದರಿಂದ ಒಂದು ಸಾಲಿನಲ್ಲಿ ಹಿಡಿಸುವ ಅಕ್ಷರವೂ ಶೇ 14ರಷ್ಟು ಕಮ್ಮಿ. ಎರಡೂ ಸೇರಿ 40 ಪುಟದ ಕನ್ನಡ ಬರಹ 60 ಪುಟವಾಗುತ್ತದೆ. ಇದನ್ನು ಹೇಳದೆ ‘ಗಾತ್ರ ಹೆಚ್ಚಿಸಿ’ ಎಂದು ಸಲಹೆ ಕೊಡುವವರು ಮುದ್ರಣದ ಬಿಲ್ಲು ಕಟ್ಟುವವರಲ್ಲ.

ಹಾಗಾಗಿ ನಾನು ಮೊದಲು ನೋಡುವ ದಾರಿ ಇನ್ನೊಂದು: ಕನ್ನಡವನ್ನು 11ರಲ್ಲೇ ಬಿಟ್ಟು ಇಂಗ್ಲಿಷನ್ನು ಇಳಿಸುವುದು. 9.5 × 58 ÷ 50 ಅಂದರೆ ಸುಮಾರು 11. ಅಂದರೆ ಇಂಗ್ಲಿಷ್ 9.5, ಕನ್ನಡ 11, ಸಾಲಿಗೆ 15 ಪಾಯಿಂಟ್. ಪುಟಕ್ಕೆ 34 ಸಾಲು, 40 ಪುಟದ್ದು 46ಕ್ಕೆ ನಿಲ್ಲುತ್ತದೆ. ಕನ್ನಡ ಚಿಕ್ಕದಾಗಿ ಕಂಡದ್ದು ಬಹುಪಾಲು ಪಕ್ಕದಲ್ಲಿ ದಪ್ಪಗೆ ಕೂತ ಇಂಗ್ಲಿಷಿನ ದೆಸೆಯಿಂದ, ಒಂದೇ ಇದ್ದಿದ್ದರೆ ಅಷ್ಟು ಚಿಕ್ಕದೇನಲ್ಲ. ಇದರ ಅಪಾಯ, 9.5ರ ಇಂಗ್ಲಿಷ್ ವಯಸ್ಸಾದವರಿಗೆ ಕಷ್ಟವಾಗಬಹುದು. ಎಕ್ಸ್-ಹೈಟ್ ಕಡಿಮೆ ಇರುವ ಇಂಗ್ಲಿಷ್ ಫಾಂಟಾದರೆ ಖಂಡಿತ ಕಷ್ಟ. ಆಗ ಇಂಗ್ಲಿಷ್ ಫಾಂಟನ್ನೇ ಬದಲಿಸುವುದು ಅಗ್ಗದ ಪರಿಹಾರ.

ಕನ್ನಡ ಫಾಂಟನ್ನು ಬದಲಿಸುವುದೂ ಒಂದು ದಾರಿ. ನೋಡಬೇಕಾದ್ದು ‘ಚೆಂದ’ವನ್ನಲ್ಲ, ಮೂರು ಅಂಕಿಗಳನ್ನು: ‘ಬ’ ಎಷ್ಟು, ಎತ್ತರ ಎಷ್ಟು, ಆಳ ಎಷ್ಟು. ‘ಬ’ ದೊಡ್ಡದಿದ್ದು ಆಳ ಕಡಿಮೆ ಇರುವ ಫಾಂಟು ಪುಟ ಉಳಿಸುತ್ತದೆ. ಆದರೆ ಆಳವನ್ನು ಹೇಗೆ ಕಡಿಮೆ ಮಾಡಿದ್ದಾರೆ ಎಂದೂ ನೋಡಿ. ಒತ್ತಕ್ಷರವನ್ನು ತೀರಾ ಪುಟ್ಟದಾಗಿಸಿದ್ದರೆ ‘ಷ್ಠ’ ಮತ್ತು ‘ಷ್ಟ’ ಒಂದೇ ಆಗಿಬಿಡುತ್ತವೆ. ಎರಡು ಒತ್ತುಗಳನ್ನು ಒಂದರ ಕೆಳಗೊಂದು ಪೇರಿಸುವ ಬದಲು ಅಕ್ಕಪಕ್ಕ ಕೂರಿಸಿದ್ದರೆ ಆಳ ಉಳಿಯುತ್ತದೆ, ಅಗಲ ಹೋಗುತ್ತದೆ. ‘ಅನೇಕ್ ಕನ್ನಡ’ದಂಥ ವೇರಿಯಬಲ್ ಫಾಂಟಿನಲ್ಲಿ ಅಗಲವನ್ನು ಬೇಕಾದಂತೆ ಕಿರಿದು ಮಾಡಿಕೊಳ್ಳಬಹುದು. ಅಲ್ಲಿ ಕಿರಿದಾದ ರೂಪವನ್ನು ಬೇರೆಯಾಗಿ ಬರೆದಿರುವುದರಿಂದ ಗೆರೆಯ ದಪ್ಪ ಕೆಡುವುದಿಲ್ಲ.

ನಿಮ್ಮ ಗೆಳೆಯರ ಸಲಹೆಗೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಎತ್ತರವನ್ನು ಶೇ 120ಕ್ಕೆ ಎಳೆದಾಗ ಅಡ್ಡ ಮಲಗಿದ ಗೆರೆಗಳ ದಪ್ಪ ಶೇ 20 ಹೆಚ್ಚುತ್ತದೆ, ನಿಂತ ಗೆರೆಗಳ ದಪ್ಪ ಇದ್ದಷ್ಟೇ ಇರುತ್ತದೆ. ಕನ್ನಡದಲ್ಲಿ ನೇರ ಗೆರೆ ಕಡಿಮೆ. ಒಂದೇ ಗೆರೆ ಮಲಗಿ, ಬಾಗಿ, ಎದ್ದು ನಿಂತು ಸುತ್ತುತ್ತದೆ. ಎಳೆದ ‘ಠ’ವನ್ನು ದೊಡ್ಡದು ಮಾಡಿ ನೋಡಿ: ಮೇಲೂ ಕೆಳಗೂ ಊದಿಕೊಂಡು, ಎರಡು ಪಕ್ಕದಲ್ಲಿ ಸೊರಗಿ, ಮೊಟ್ಟೆಯಾಗಿರುತ್ತದೆ. ಸಾಲದ್ದಕ್ಕೆ ಅಟ್ಟವೂ ನೆಲಮಾಳಿಗೆಯೂ ಶೇ 20 ಉದ್ದವಾಗಿ, 13 ಪಾಯಿಂಟಿನ ಸಾಲಿನಲ್ಲಿ ತಾಗಾಟ ಇನ್ನೂ ಬಿಗಡಾಯಿಸುತ್ತದೆ. ಅಂದರೆ ನಿಮ್ಮ ಒಂದು ಕಾಯಿಲೆಯನ್ನು ಎರಡು ಮಾಡುವ ಮದ್ದು.

ಇನ್ನು ತಾಗಾಟದ ಒಂದು ಪಾಲು ಫಾಂಟಿನದೂ ಅಲ್ಲ, ಅಂತರದ್ದೂ ಅಲ್ಲ, ಬೆರಳಚ್ಚಿನದು. ಇಂಗ್ಲಿಷ್ ಪದಗಳು ಹೆಚ್ಚಿರುವ ಬರಹದಲ್ಲಿ ಇದನ್ನು ಮೊದಲು ಹುಡುಕಬೇಕು. ‘ಸಾಫ್ಟ್ವೇರ್’ ಎಂದು ಒಂದೇ ಉಸಿರಿಗೆ ಹೊಡೆದರೆ ‘ಫ’ದ ಕೆಳಗೆ ‘ಟ’ ಮತ್ತು ‘ವ’ ಎರಡು ಒತ್ತು ನೇತಾಡುತ್ತವೆ. ‘ಟ್’ ಆದ ಮೇಲೆ ಶೂನ್ಯ ಅಗಲದ ಬೇರ್ಪಡಿಕೆ ಚಿಹ್ನೆ (ZWNJ, ಕಣ್ಣಿಗೆ ಕಾಣದ್ದು) ಹಾಕಿದರೆ ‘ಸಾಫ್ಟ್‌ವೇರ್’ ಆಗುತ್ತದೆ. ಕೆಳಗೆ ಒಂದೇ ಒತ್ತು. ಓದಲೂ ಸುಲಭ, ಆಳವೂ ಕಡಿಮೆ. ಇದರ ಜೋಡಿ ಚಿಹ್ನೆ ಶೂನ್ಯ ಅಗಲದ ಕೂಡಿಕೆ (ZWJ). ‘ರ್ಯಾಲಿ’ ಎಂದು ಸುಮ್ಮನೆ ಹೊಡೆದರೆ ‘ರ’ ಅರ್ಕಾವತ್ತಾಗಿ ‘ಯಾ’ದ ಬಲಕ್ಕೆ ಹೋಗಿ ಪದದ ಮುಖವೇ ಬದಲಾಗುತ್ತದೆ. ‘ರ’ ಆದ ಕೂಡಲೇ, ಅರ್ಧಾಕ್ಷರದ ಚಿಹ್ನೆಗಿಂತ ಮೊದಲು, ಕೂಡಿಕೆ ಹಾಕಿದರೆ ‘ರ‍್ಯಾಲಿ’. ಸೊನ್ನೆಯ ಬಗ್ಗೆಯೂ ಒಂದು ಎಚ್ಚರಿಕೆ. ಅನುಸ್ವಾರದ ಬದಲು ಕನ್ನಡ ಅಂಕಿ ಸೊನ್ನೆಯನ್ನು ಹೊಡೆದವರು ಬೇಕಾದಷ್ಟು ಜನ. ಎರಡೂ ಉಂಗುರವೇ, ಕಣ್ಣಿಗೆ ಸಿಗುವುದಿಲ್ಲ. ಆದರೆ ಅಂಕಿಯ ಅಗಲ ಬೇರೆ, ಹುಡುಕಾಟದಲ್ಲಿ ಆ ಪದ ಸಿಗುವುದೂ ಇಲ್ಲ. ಅಂಕಿ ಸೊನ್ನೆಯನ್ನು ಹುಡುಕಿ ಒಂದೊಂದನ್ನೂ ಕಣ್ಣಲ್ಲಿ ನೋಡಿ ಬದಲಿಸಿ. ‘ಎಲ್ಲವನ್ನೂ ಬದಲಿಸು’ ಒತ್ತಿದರೆ ಇಸವಿಗಳು ಕೆಡುತ್ತವೆ.

ಹಾಗೆಯೇ ಇನ್‌ಡಿಸೈನ್‌ನ ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ‘ವರ್ಲ್ಡ್-ರೆಡಿ’ ಕಂಪೋಸರ್ ಆಯ್ದಿದ್ದೀರಾ ನೋಡಿ. ಒತ್ತು ಯಾವಾಗ ಕೆಳಗಿಳಿಯಬೇಕು, ತಲೆಕಟ್ಟು ಯಾವಾಗ ಎದ್ದುಹೋಗಬೇಕು ಎಂಬ ನಿಯಮಗಳು ಯೂನಿಕೋಡ್ ಫಾಂಟಿನೊಳಗೆ ಇರುತ್ತವೆ. ಅವನ್ನು ಓದಿ ಜಾರಿಗೆ ತರುವುದು ಕಂಪೋಸರ್. ಅದು ತಪ್ಪಾಗಿದ್ದರೆ ‘ಕ್ಕ’ ಬದಲು ‘ಕ್‌’ ಆದ ಮೇಲೆ ‘ಕ’ ಬಿಡಿಬಿಡಿಯಾಗಿ ನಿಲ್ಲುತ್ತದೆ. ಯೂನಿಕೋಡ್‌ಗಿಂತ ಹಿಂದಿನ ಫಾಂಟುಗಳ ಸಂಸಾರ ಬೇರೆ. ಅಲ್ಲಿ ಗುಡಿಸು, ಒತ್ತು, ದೀರ್ಘ ಎಲ್ಲವೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತ ಬಿಡಿ ತುಂಡುಗಳು. ಅಗಲದ ‘ಘ’ ಆಗಲಿ, ಕಿರಿದಾದ ‘ರ’ ಆಗಲಿ, ಒತ್ತು ಕೂರುವುದು ಒಂದೇ ಅಳತೆಗೆ. ಅಂಥ ಬರಹಕ್ಕೆ ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿದರಂತೂ ಒತ್ತು ಒಂದು ಕಡೆ, ಒಡೆಯ ಒಂದು ಕಡೆ. ಯೂನಿಕೋಡ್ ಫಾಂಟಿನಲ್ಲೂ ಈ ಅಂತರವನ್ನು ಹೆಚ್ಚಿಸಬೇಡಿ. ‘ಕಾ’ದ ಇಳಿ ತಲೆಕಟ್ಟಿನ ಮುಂದುವರಿಕೆ, ಅದನ್ನು ಎಳೆದರೆ ಕತ್ತರಿಸಿದಂತೆಯೇ. ಎರಡೂ ಅಂಚು ಸಮ ಮಾಡುವಾಗ ಅಕ್ಷರಾಂತರವನ್ನು ಕನಿಷ್ಠ, ಸಹಜ, ಗರಿಷ್ಠ ಮೂರೂ ಕಡೆ 0 ಮಾಡಿ, ಪದಾಂತರವನ್ನು ಮಾತ್ರ ಹಿಗ್ಗಲು ಬಿಡಿ.

ಬೋಲ್ಡಿಗೆ ಬರೋಣ. ‘ಪ’ಕ್ಕೂ ‘ಷ’ಕ್ಕೂ ವ್ಯತ್ಯಾಸ ಒಡಲೊಳಗಿನ ಒಂದು ಗೆರೆ; ‘ಹೊಟ್ಟೆ ಸೀಳಿದ ಷ’ ಎಂದು ಮಕ್ಕಳಿಗೆ ಹೇಳಿಕೊಡುವುದು ಅದಕ್ಕೇ. ‘ರ’ ಮತ್ತು ‘ಠ’ಕ್ಕೆ ವ್ಯತ್ಯಾಸ ನಡುವಿನ ಚುಕ್ಕೆ. ‘ದ’ ಮತ್ತು ‘ಧ’, ‘ಡ’ ಮತ್ತು ‘ಢ’, ‘ಪ’ ಮತ್ತು ‘ಫ’ಕ್ಕೆ ಬುಡದ ಸೀಳು. ‘ಧ’ ಮತ್ತು ‘ಥ’ಕ್ಕೆ ಮತ್ತೆ ಒಳಗಿನ ಚುಕ್ಕೆ. ಕನ್ನಡದಲ್ಲಿ ಅಕ್ಷರದ ಗುರುತು ಹೊರರೇಖೆಗಿಂತ ಒಳಗಿನ ಬಯಲಲ್ಲಿ ಅಡಗಿದೆ. ಬೋಲ್ಡ್ ಮೊದಲು ನುಂಗುವುದು ಆ ಬಯಲನ್ನೇ. ಚೆನ್ನಾಗಿ ಬರೆದ ಬೋಲ್ಡ್ ಫಾಂಟಿನಲ್ಲಿ ಅಕ್ಷರವನ್ನು ಅಗಲ ಮಾಡಿ, ಒಳಗೆರೆಗಳನ್ನು ಹೊರಗೆರೆಗಿಂತ ತೆಳ್ಳಗೆ ಇಟ್ಟು ಬಯಲನ್ನು ಕಾಪಾಡಿರುತ್ತಾರೆ. ಕೃತಕ ಬೋಲ್ಡಿನಲ್ಲಿ ತಂತ್ರಾಂಶ ಎಲ್ಲ ಗೆರೆಗೂ ಒಂದೇ ಸಮ ಬಣ್ಣ ಬಳಿಯುತ್ತದೆ, ಬಯಲು ಮುಚ್ಚುತ್ತದೆ. ನಿಮ್ಮದು ಯಾವುದು ಎಂದು ತಿಳಿಯಲು ಪಿಡಿಎಫ್ ಮಾಡಿ, ಅದರ ವಿವರಗಳಲ್ಲಿ ಫಾಂಟುಗಳ ಪಟ್ಟಿ ನೋಡಿ. ಬೋಲ್ಡ್ ಹೆಸರಿನ ಫಾಂಟು ಅಲ್ಲಿಲ್ಲದಿದ್ದರೆ ನೀವು ನೋಡುತ್ತಿರುವುದು ಬಳಿದ ಬಣ್ಣ. ‘ತಿರೊ ಕನ್ನಡ’ ಒಂದು ಉದಾಹರಣೆ: ಅದರಲ್ಲಿ ನೇರ ಮತ್ತು ಓರೆ ರೂಪಗಳಿವೆ, ಬೋಲ್ಡ್ ಇಲ್ಲ. ವರ್ಡ್‌ನಲ್ಲಿ ಬೋಲ್ಡ್ ಗುಂಡಿ ಒತ್ತಿದರೆ ಬರುವುದು ಕೃತಕವೇ. ನೋಟೊ ಸಾನ್ಸ್, ನೋಟೊ ಸೆರಿಫ್ ಕನ್ನಡಗಳಲ್ಲಿ ಹಲವು ದಪ್ಪಗಳಿವೆ. ಒಳಪುಟದ 11 ಪಾಯಿಂಟಿಗೆ ಅವುಗಳಲ್ಲಿ ಮೀಡಿಯಂ ಅಥವಾ ಸೆಮಿಬೋಲ್ಡ್ ಸಾಕು; ಪೂರ್ತಿ ಬೋಲ್ಡನ್ನು 14ರ ಮೇಲಿನ ಉಪಶೀರ್ಷಿಕೆಗೆ ಇಡಿ. ಮಸಿ ಹೀರುವ ಒರಟು ಕಾಗದವಾದರೆ ಇನ್ನೂ ಒಂದು ಮೆಟ್ಟಿಲು ಇಳಿಯಿರಿ.

ಫಾಂಟಿನ ಗುಣ ತಿಳಿಯಲು ಒಂದು ಸಣ್ಣ ಪರೀಕ್ಷೆ ಇದೆ. ‘ಮ’ ಮತ್ತು ‘ವು’ ಪಕ್ಕಪಕ್ಕ ಹೊಡೆಯಿರಿ. ‘ವ’ದ ಬಲಕ್ಕೆ ಸುರುಳಿ ಸೇರಿಸಿದರೆ ‘ಮ’ ಆಗುತ್ತದೆ. ಕೊಂಬೂ ಬಲದ ಸುರುಳಿಯೇ. ಈ ಗೊಂದಲ ತಪ್ಪಿಸಲೆಂದೇ ಪು, ಫು, ವು ಮೂರರಲ್ಲಿ ಕೊಂಬನ್ನು ಮಾಮೂಲಿಗಿಂತ ಕೆಳಗಿನಿಂದ ಎಬ್ಬಿಸುವುದು ರೂಢಿ. ನಿಮ್ಮ ಓದಿನ ಗಾತ್ರದಲ್ಲಿ ‘ನಾವು’ ಎಂಬುದು ‘ನಾಮ’ ಎಂದು ಕಂಡರೆ, ಅಥವಾ ಒಂದು ಕ್ಷಣ ತಡೆದು ಓದಬೇಕಾದರೆ, ಅದು ನಿಜವಾಗಿ ಫಾಂಟಿನ ದೋಷ. ಮುದ್ರಣದವರ ಮಾತು ಅಲ್ಲಿ ಸರಿ.

ಇಂಗ್ಲಿಷ್ ಪದಗಳನ್ನು ಒಂದೊಂದಾಗಿ ಆಯ್ದು 9.5 ಮಾಡುತ್ತ ಕೂರಬೇಡಿ. ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಹಿಡಿಯುವ ಒಂದು ಗ್ರೆಪ್ ಸ್ಟೈಲನ್ನು (ಹೇಳಿದ ಬಗೆಯ ಅಕ್ಷರಗಳನ್ನು ತಾನೇ ಹುಡುಕಿ ರೂಪ ಬದಲಿಸುವ ಸೌಲಭ್ಯ) ಕನ್ನಡದ ಪ್ಯಾರಾಗ್ರಾಫ್ ಸ್ಟೈಲಿನೊಳಗೆ ಸೇರಿಸಿದರೆ ಗಾತ್ರ, ಫಾಂಟು ಎರಡೂ ತಾವಾಗಿ ಬದಲಾಗುತ್ತವೆ. ಅಂಕಿಗಳನ್ನು ಕನ್ನಡ ಫಾಂಟಿನಿಂದಲೇ ತೆಗೆದುಕೊಳ್ಳುತ್ತೀರೋ ಇಂಗ್ಲಿಷಿನಿಂದಲೋ ಎಂದು ಮೊದಲೇ ನಿರ್ಧರಿಸಿ. ಬೆರೆಸಿದರೆ ಒಂದೇ ಪುಟದಲ್ಲಿ ಎರಡು ಎತ್ತರದ 2 ಕಾಣುತ್ತದೆ.

ಕೊನೆಗೆ ವರ್ಡ್‌ನ ‘ಸ್ತ್ರೀ’. ತಾಗುವುದು ಬೇರೆ, ಕತ್ತರಿಸಿಹೋಗುವುದು ಬೇರೆ. ಮೊದಲು ಪಿಡಿಎಫ್ ಮಾಡಿ ಶೇ 400ಕ್ಕೆ ಹಿಗ್ಗಿಸಿ ನೋಡಿ. ಅಲ್ಲಿ ತಲೆ ಇದ್ದರೆ ಪರದೆಯ ಚೇಷ್ಟೆ, ಬಿಟ್ಟುಬಿಡಿ. ಅಲ್ಲೂ ಇಲ್ಲದಿದ್ದರೆ ಸಾಲಂತರದ ಸೆಟ್ಟಿಂಗಿಗೆ ಹೋಗಿ. ‘ಎಕ್ಸ್ಯಾಕ್ಟ್ಲಿ’ ಎಂದಿದ್ದು, ಕೊಟ್ಟ ಅಂಕಿ ಅಕ್ಷರದ ಎತ್ತರಕ್ಕೆ ಸಾಲದಿದ್ದರೆ ವರ್ಡ್ ಅಟ್ಟವನ್ನು ಕತ್ತರಿಸುತ್ತದೆ. ‘ಅಟ್ ಲೀಸ್ಟ್’ಗೆ ಬದಲಿಸಿ. ಆಮೇಲೂ ಕತ್ತರಿಸಿದರೆ ಸಾಲಂತರವನ್ನು ತಾತ್ಕಾಲಿಕವಾಗಿ ಎರಡು ಪಟ್ಟು ಮಾಡಿ, ಅಕ್ಷರವನ್ನು ಪೆಟ್ಟಿಗೆಯ (ಟೆಕ್ಸ್ಟ್ ಬಾಕ್ಸಿನ) ಹೊರಗೆ ಖಾಲಿ ಪುಟದಲ್ಲಿ ಹೊಡೆದು ನೋಡಿ. ಅಲ್ಲಿ ಸರಿಯಾದರೆ ಪೆಟ್ಟಿಗೆಯ ಎತ್ತರ ಸಾಲದು. ಮೇಲಿನ ಒಳಅಂಚನ್ನು ಹೆಚ್ಚಿಸಿ. ಅಲ್ಲೂ ತಲೆ ಹಾರಿದ್ದರೆ, ಅಕ್ಷರ ಎಲ್ಲಿಯವರೆಗೆ ಚಾಚಬಹುದು ಎಂದು ವಿಂಡೋಸ್‌ಗೆ ತಿಳಿಸುವ ಅಂಕಿಗಳನ್ನು ಫಾಂಟ್ ಬರೆದವರು ಕಡಿಮೆ ಕೊಟ್ಟಿದ್ದಾರೆ. ಅದನ್ನು ನೀವು ವರ್ಡ್‌ನಲ್ಲಿ ಸರಿಪಡಿಸಲಾರಿರಿ. ಆ ಒಂದು ಶೀರ್ಷಿಕೆಯನ್ನು ಇನ್‌ಡಿಸೈನ್‌ನಲ್ಲಿ ಹೊಡೆದು, ಔಟ್‌ಲೈನ್ ಮಾಡಿ, ಚಿತ್ರವಾಗಿ ತಂದು ಕೂರಿಸಿ. ಔಟ್‌ಲೈನ್ ಮಾಡುವ ಮುಂಚೆ ಮೂಲದ ಒಂದು ಪ್ರತಿ ಬೇರೆ ಇಟ್ಟುಕೊಳ್ಳಿ. ಆಮೇಲೆ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಕಾಗುಣಿತದ ತಪ್ಪು ಕಂಡರೆ ಮತ್ತೆ ಮೊದಲಿನಿಂದ ಹೊಡೆಯಬೇಕಾಗುತ್ತದೆ.